ಕಪ್ಪಂಚಿನ ಕಾರ್ಡು

ಬೆಳಗಿನ ಭೇಟಿ ಎಂದರೆ ಮಧ್ಯಾಹ್ನ ಮೂರು ಗಂಟೆಯ ಮೇಲೆ ಹೋಗುವುದು ಎಂದು ಹೇಳಿಕೊಟ್ಟ ದಿನವೇ ನಾನು ಆ ಕೆಲಸ ಬಿಟ್ಟುಬಿಡಬೇಕಿತ್ತು. ಬೆಳಗಿನದು ಎಂದಮೇಲೆ ಬೆಳಿಗ್ಗೆ ತಾನೇ ಹೋಗಬೇಕು ಎಂದು ಕೇಳಿದೆ. ಇಲ್ಲವಂತೆ. ಬೆಳಿಗ್ಗೆ ಹೋದರೆ ಅದು ಒರಟುತನವಂತೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷರ ಲೆಕ್ಕದಲ್ಲಿ ರಾತ್ರಿಯೂಟದ ತನಕ ಎಲ್ಲವೂ ಬೆಳಗೇ. ಹೋದವರು ಕಾಲು ಗಂಟೆ ಕೂತು ಎದ್ದುಬಿಡಬೇಕು. ಗಂಡಸರು ಟೋಪಿಯನ್ನು ಕೈಯಲ್ಲೇ ಹಿಡಿದು ಕೂರಬೇಕು. ಮನೆಯೊಡತಿಗೆ ಬೇಸರವಾಗಿದ್ದರೆ ಮೇಲಿನ ಕೋಣೆಯಲ್ಲಿ ಕೂತುಕೊಂಡೇ "ಅಮ್ಮಾವ್ರು ಮನೆಯಲ್ಲಿಲ್ಲ" ಎಂದು ಆಳಿನ ಕೈಲಿ ಹೇಳಿಸಬಹುದು, ಅದು ಸುಳ್ಳಲ್ಲ. ನಾನು ಇದನ್ನೆಲ್ಲ ಬಾಯಿಪಾಠ ಮಾಡಬೇಕಿತ್ತು.

ಸಿಂಗಾಪುರದಲ್ಲಿ ಒಬ್ಬ ಇಂಗ್ಲಿಷ್ ವ್ಯಾಪಾರಿ ಕಟ್ಟಿಸಿದ ಹಳೆಯ ಮನೆಯೊಂದನ್ನು ಸಣ್ಣ ಮ್ಯೂಸಿಯಂ ಮಾಡಿದ್ದಾರೆ. ಅಗಲ ವರಾಂಡ, ಎತ್ತರದ ಕಿಟಕಿ, ಯಾರೂ ಬಾರಿಸದ ಪಿಯಾನೊ. ವಾರಕ್ಕೆರಡು ದಿನ ಅಲ್ಲಿ ನಾನು ಗೈಡ್, ಸಂಬಳವಿಲ್ಲದ ಗೈಡ್. ನಮ್ಮ ಯಜಮಾನರು ತೀರಿಕೊಂಡ ಕೆಲವು ತಿಂಗಳಿಗೆ ಮಗಳು ನನ್ನ ಹೆಸರು ಬರೆಸಿ ಬಂದಿದ್ದಳು. ಅವಳು ತಂಜಾಂಗ್ ಪಗಾರಿನಲ್ಲಿ ಬ್ಯಾಂಕೊಂದರ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದಾಗಲೆಲ್ಲ ನಾನು ಅದೇ ಸೋಫಾದ ಅದೇ ಮೂಲೆಯಲ್ಲಿ ಕೂತಿರುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ಅಮ್ಮ, ನೀನು ಮನೆಯಿಂದ ಆಚೆ ಬರಬೇಕು ಲಾ. ಸುಮ್ನೆ ಹೋಗಿ ನಿಂತ್ಕೊಂಡು ಎಕ್ಸ್‌ಪ್ಲೇನ್ ಮಾಡು, ಅಷ್ಟೇ."

ಅಷ್ಟೇ ಅಂತೆ, ಈ ಊರಿನವರ ಹಾಗೆ ಮಾತಿನ ಬಾಲಕ್ಕೊಂದು ಲಾ ಬೇರೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಹತ್ತಿ ಸೀರೆ ಉಟ್ಟುಕೊಂಡು, ಇಂಗ್ಲೆಂಡಿನಿಂದ ವಿಮಾನ ಹತ್ತಿ ಬಂದವರಿಗೆ ಅವರ ಮುತ್ತಜ್ಜಿಯರ ನಡವಳಿಕೆ ಹೇಳಿಕೊಡಬೇಕು. ಒಂದು ಸಲ ಬ್ರಿಸ್ಟಲ್ಲಿನ ವಯಸ್ಸಾದ ದಂಪತಿ ಬಂದಿದ್ದರು. ಭೇಟಿಗೆ ಬಂದವರು ತಮ್ಮ ಹೆಸರಿನ ಕಾರ್ಡು ಇಡುವ ಬೆಳ್ಳಿ ತಟ್ಟೆ, ಮೂಲೆ ಮಡಿಸಿದ ಕಾರ್ಡಿನ ಅರ್ಥ, ಎಲ್ಲವನ್ನೂ ಪಾಠದಂತೆ ಒಪ್ಪಿಸಿದೆ. ಆ ಹೆಂಗಸು ಬಹಳ ಗೌರವದಿಂದ ಕೇಳಿಸಿಕೊಂಡು, ನಿಮ್ಮವರು ಇದನ್ನೆಲ್ಲ ಈಗಲೂ ಪಾಲಿಸುತ್ತೀರಾ ಎಂದು ಕೇಳಿದರು. ಹೌದು ಎಂದುಬಿಟ್ಟೆ.

ನನಗೆ ತಲೆ ಕೆಟ್ಟುಹೋಗಿದ್ದು ಮೊದಲು ಯಾರು ಯಾರ ಮನೆಗೆ ಹೋಗಬೇಕು ಎಂಬ ವಿಷಯದಲ್ಲಿ. ನಮಗೆ ತರಬೇತಿ ಕೊಟ್ಟವರು ನಿವೃತ್ತ ಶಾಲಾ ಶಿಕ್ಷಕಿ, ಇಲ್ಲಿಯ ಚೀನೀ ಮಹಿಳೆ, ಬಲು ಶಿಸ್ತು. ಅವರು ಹೇಳಿದ್ದು ಹೀಗೆ: ಇಂಗ್ಲೆಂಡಿನಲ್ಲಾದರೆ ಊರಿಗೆ ಹೊಸಬರು ಬಂದಾಗ ಹಳಬರೇ ಮೊದಲು ಹೋಗಿ ಕಾರ್ಡು ಕೊಡಬೇಕು, ಹೊಸಬರು ಕಾಯಬೇಕು. ಅದೇ ಇಂಗ್ಲಿಷರು ಹಡಗು ಹತ್ತಿ ಇಂಡಿಯಾಕ್ಕೋ ಇಲ್ಲಿಗೋ ಬಂದರೆ ಲೆಕ್ಕ ತಿರುಗುಮುರುಗು. ಇಲ್ಲಿ ಹೊಸಬರೇ ಮನೆಮನೆಗೆ ಹೋಗಿ, ಗೇಟಿಗೆ ನೇತುಹಾಕಿದ ಡಬ್ಬಿಯಲ್ಲಿ ಕಾರ್ಡು ಹಾಕಿ ಬರಬೇಕು. ಇದು ಗೊತ್ತಿಲ್ಲದ ಹೊಸ ಹೆಂಡತಿಯರು ಕೈಗವಸು ಹಾಕಿಕೊಂಡು ವರಾಂಡದಲ್ಲಿ ವಾರಗಟ್ಟಲೆ ಕಾಯುತ್ತಿದ್ದರಂತೆ. ಯಾರೂ ಬರುತ್ತಿರಲಿಲ್ಲ. ಎದುರು ಮನೆಯವರು, ನೋಡಿ ಎಷ್ಟು ಜಂಬ ಆಕೆಗೆ ಎನ್ನುತ್ತಿದ್ದರು. ಪ್ರವಾಸಿಗಳಿಗೆ ಹೇಳುವಾಗ ನಾನು ಪ್ರತಿ ಸಲವೂ ಇದನ್ನು ಉಲ್ಟಾ ಮಾಡುತ್ತಿದ್ದೆ.

ಇನ್ನು ಮೇಲಿನ ಮಹಡಿಯ ಕೋಣೆ. ಅಲ್ಲಿ ಕಪ್ಪು ಉಡುಪಿನ ಒಂದು ಗೊಂಬೆ ನಿಂತಿದೆ, ಆಳೆತ್ತರದ್ದು. ವಿಧವೆಯ ಗೊಂಬೆ. ನನ್ನನ್ನು ಆ ಕೋಣೆಗೇ ಹಾಕಿದರು. ಬೇಕೆಂದು ಮಾಡಿದರೋ, ಗೊತ್ತಿಲ್ಲದೆ ಮಾಡಿದರೋ ನಾನು ಕೇಳಲಿಲ್ಲ. ಗಂಡ ಸತ್ತ ಹೆಂಗಸು ಒಂದು ವರ್ಷ ಒಂದು ದಿನ ಹೊಳಪೇ ಇಲ್ಲದ ಆ ಒರಟು ಕಪ್ಪು ಬಟ್ಟೆಯಲ್ಲಿ ಮುಚ್ಚಿಕೊಂಡಿರಬೇಕು, ಈ ಊರಿನ ಸೆಕೆಯಲ್ಲೂ. ಆಮೇಲೆ ಕಪ್ಪು ಸ್ವಲ್ಪ ಕಡಿಮೆ ಮಾಡಬಹುದು. ಅದೂ ಆದ ಮೇಲೆ ಬೂದು, ತಿಳಿ ನೇರಳೆ. ಹೆಂಡತಿ ಸತ್ತ ಗಂಡಸು ತೋಳಿಗೋ ಟೋಪಿಗೋ ಒಂದು ಕಪ್ಪು ಪಟ್ಟಿ ಸುತ್ತಿಕೊಂಡು ಆಫೀಸಿಗೆ ಹೋಗಬಹುದು. ಇದನ್ನು ಹೇಳುವಾಗ ಮಾತ್ರ ನನಗೆ ಯಾವ ಗೊಂದಲವೂ ಆಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಆದರೆ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಸಾವಾದ ಮನೆಗೆ ಸ್ನೇಹಿತರು ಬಂದು ಬಾಗಿಲಲ್ಲೇ ಕಾರ್ಡು ಕೊಟ್ಟು, ಹೇಗಿದ್ದಾರೆ ಎಂದು ಆಳನ್ನು ವಿಚಾರಿಸಿ ಹಿಂದಿರುಗಬೇಕು. ಒಳಗೆ ಹೋಗಬಾರದು. ಎಷ್ಟು ದಿನ? ಆ ಹೆಂಗಸಿಗೆ ಬೇಕೆನಿಸುವ ತನಕ. ಬೇಕೆನಿಸಿದ ದಿನ ಅವಳು ಕಪ್ಪು ಅಂಚಿನ ಕಾರ್ಡಿನಲ್ಲಿ "ವಿಚಾರಿಸಿದ್ದಕ್ಕೆ ಕೃತಜ್ಞತೆಗಳು" ಎಂದು ಎಲ್ಲರಿಗೂ ಕಳಿಸುತ್ತಾಳೆ. ಇನ್ನು ಬರಬಹುದು ಎಂದು ಅದರ ಅರ್ಥ. ಮರುದಿನದಿಂದ ಜನ ಬರುತ್ತಾರೆ. ಎಷ್ಟು ಸಲೀಸು ನೋಡಿ. ಯಾರೂ ಯಾರ ಮುಖವನ್ನೂ ನೋಡಿ ಊಹೆ ಮಾಡಬೇಕಾಗಿಲ್ಲ.

ನಾನಿರುವುದು ಸೆರಂಗೂನಿನ ಫ್ಲ್ಯಾಟಿನಲ್ಲಿ, ನಾಲ್ಕನೇ ಮಹಡಿ. ಒಂಬತ್ತನೇ ಮಹಡಿಯಲ್ಲಿ ನನ್ನ ಗೆಳತಿ ಇದ್ದಾರೆ. ಧಾರವಾಡದವರು. ಇಬ್ಬರೂ ಒಂದೇ ಕಾಲಕ್ಕೆ ಈ ಊರಿಗೆ ಬಂದವರು, ಇಬ್ಬರ ಮಕ್ಕಳೂ ಕಟ್ಟಡದ ಬುಡದಲ್ಲಿ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್ಕಿನಲ್ಲಿ ಸೈಕಲ್ ಕಲಿತವರು. ನನ್ನ ಹತ್ತಿರವೂ ಅವರು ಬೆಂಗಳೂರು ಕನ್ನಡವನ್ನೇ ಆಡುತ್ತಾರೆ, ಎಲ್ಲರೆದುರು ಧಾರವಾಡದ ಮಾತು ಬಿಟ್ಟು ಬಿಟ್ಟು ಅದೇ ರೂಢಿಯಾಗಿದೆ. ಪ್ರತಿ ವರ್ಷ ಅವರ ಮನೆಯಲ್ಲಿ ವರಮಹಾಲಕ್ಷ್ಮಿ ವ್ರತ. ಹಿಂದಿನ ದಿನವೇ ನಾನು ಹೋಗಿ ಕಲಶಕ್ಕೆ ಸೀರೆ ಉಡಿಸುತ್ತಿದ್ದೆ. ನೆರಿಗೆ ನಿಲ್ಲುವುದು ನನ್ನ ಕೈಗೇ ಎಂದು ಅವರು ಎಲ್ಲರೆದುರು ಹೇಳುವರು. ಮರುದಿನ ಸಂಜೆ ಇಲ್ಲಿಯ ಕನ್ನಡದ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುತ್ತಿದ್ದರು. ಬುಕಿತ್ ಪಂಜಾಂಗಿನಿಂದ ಎರಡು ರೈಲು ಬದಲಿಸಿ ರೇಷ್ಮೆ ಸೀರೆಯಲ್ಲಿ ಬರುವವರೂ ಇದ್ದರು.

ಕಳೆದ ವರ್ಷ ಆಷಾಢದಲ್ಲಿ ಯಜಮಾನರು ಹೋದರು. ವೈಕುಂಠ ಸಮಾರಾಧನೆಯ ತನಕ ಗೆಳತಿ ದಿನವೂ ಬಂದರು. ಸಾರು ತಂದರು, ನನ್ನ ಪಾತ್ರೆ ತೊಳೆದರು. ಆಮೇಲೆ ಬರಲಿಲ್ಲ. ಮೊಬೈಲಿಗೆ ದಿನವೂ ಬೆಳಿಗ್ಗೆ ಹೂವಿನ ಚಿತ್ರ, ಶುಭೋದಯ, ಅದು ಮಾತ್ರ ತಪ್ಪಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ "ಆರಾಮಾ?" ಎನ್ನುವರು. ನಾಲ್ಕನೇ ಮಹಡಿ ಬಂದು ಬಾಗಿಲು ತೆರೆಯುವಷ್ಟರಲ್ಲಿ ನಾನು ಆರಾಮು ಎನ್ನಬೇಕು.

ಸಾವಾದ ಮನೆಯಿಂದ ಯಾರಿಗೂ "ಬನ್ನಿ" ಎನ್ನಬಾರದು ಎಂದು ನಮ್ಮಮ್ಮ ಕಲಿಸಿದ್ದರು. ಬಂದವರೂ ಹೊರಡುವಾಗ "ಬರ್ತೀವಿ" ಎನ್ನದೆ ಎದ್ದು ಹೋಗಬೇಕು. ಈ ನಿಷೇಧ ಎಲ್ಲಿಯ ತನಕ ಎಂದು ಮಾತ್ರ ಅಮ್ಮ ಹೇಳಿರಲಿಲ್ಲ. ಹದಿಮೂರು ದಿನವೋ, ವರ್ಷವೋ, ಕೊನೆಯ ತನಕವೋ. ಹಾಗಾಗಿ ನಾನು ಬನ್ನಿ ಎನ್ನಲಿಲ್ಲ. ಅವರು ಬರಲಿಲ್ಲ. ಇದು ಸಂಪ್ರದಾಯವೋ, ಮುತ್ತೈದೆ ನನ್ನ ಮುಖ ನೋಡಬಾರದೆಂಬ ಅಳುಕೋ, ಅಥವಾ ನನ್ನನ್ನು ಸುಮ್ಮನೆ ಬಿಡಬೇಕೆಂಬ ಒಳ್ಳೆಯತನವೋ, ಒಂದೂ ತಿಳಿಯದೆ ಒದ್ದಾಡಿದೆ.

ಹಣೆಯ ವಿಷಯವೂ ಹಾಗೇ. ಬಿಂದಿ ತೆಗೆಯಕೂಡದು ಎಂದು ಮಗಳು ಹಟ ಹಿಡಿದಿದ್ದಳು. ಕೆಲವು ದಿನ ಇಡುತ್ತಿದ್ದೆ, ಕೆಲವು ದಿನ ಇಲ್ಲ. ಮ್ಯೂಸಿಯಂಗೆ ಹೋಗುವಾಗ ಇಡುತ್ತಿದ್ದೆ. ದೇವಸ್ಥಾನದ ಕಡೆ ಹೋದರೆ ತೆಗೆದು ಪರ್ಸಿನ ಕನ್ನಡಿಗೆ ಅಂಟಿಸುತ್ತಿದ್ದೆ. ಲಿಫ್ಟಿನಲ್ಲಿ ಗೆಳತಿಯ ಕಣ್ಣು ಮೊದಲು ನನ್ನ ಹಣೆಗೆ ಹೋಗುತ್ತಿತ್ತು. ಪಾಪ, ಅವರಿಗೂ ಏನು ತಿಳಿಯಬೇಕು? ಆ ಗೊಂಬೆಯ ಬಣ್ಣ ನೋಡಿದರೆ ಸಾವು ಎಷ್ಟು ಹಳೆಯದು ಎಂದು ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತಿತ್ತು. ನನ್ನನ್ನು ನೋಡಿದರೆ ನನಗೇ ತಿಳಿಯುತ್ತಿರಲಿಲ್ಲ.

ಈ ವರ್ಷ ವರ್ಷಾಂತಿಕ ಮುಗಿಯಿತು. ಅದರ ಬೆನ್ನಿಗೇ ಶ್ರಾವಣ. ವರ್ಷದ ತನಕ ಹಬ್ಬಹುಣ್ಣಿಮೆಗೆ ಯಾರೂ ಕರೆಯದಿದ್ದರೆ ಅದಕ್ಕೊಂದು ಕಾರಣವಿತ್ತು, ನಾನೂ ನೆಮ್ಮದಿಯಾಗಿ ಆ ಕಾರಣದ ಹಿಂದೆ ಕೂತಿದ್ದೆ. ಈಗ ಆ ಕಾರಣ ಮುಗಿದುಹೋಯಿತು. ಗೆಳತಿ ಈ ಶುಕ್ರವಾರ ನನ್ನನ್ನು ಕರೆಯುತ್ತಾರೋ ಇಲ್ಲವೋ ಎನ್ನುವುದರ ಮೇಲೆ ಎಲ್ಲವೂ ನಿಂತಿತು. ಕರೆಯದಿದ್ದರೆ ಇನ್ನು ಯಾವ ವರ್ಷವೂ ಕರೆಯುವುದಿಲ್ಲ. ಹಬ್ಬದ ಕುಂಕುಮ ಹೋಗಲಿ, ಹೋದರೆ ಹೋಯಿತು. ನಾನು ಕಳೆದುಕೊಳ್ಳುವುದು ಅವರನ್ನು. ಅಷ್ಟು ವರ್ಷ ಜೊತೆಯಲ್ಲಿ ನಕ್ಕವರು ಬರೀ ಲಿಫ್ಟಿನ ಪರಿಚಯವಾಗಿ ಉಳಿದುಬಿಡುತ್ತಾರಲ್ಲ ಎಂದು ನನಗೆ ಭಯವಾಯಿತು.

"ನೀನೇ ಹೋಗಿ ಬೆಲ್ ಮಾಡಮ್ಮ," ಎಂದಳು ಮಗಳು. "ಆಂಟಿಗೂ ಆಕ್ವರ್ಡ್ ಆಗ್ತಿರತ್ತೆ. ಸುಮ್ನೆ ಓವರ್‌ಥಿಂಕ್ ಮಾಡ್ತೀಯ."

"ಹಬ್ಬದ ವಾರ ನಾನಾಗೇ ಹೋಗಿ ನಿಂತ್ರೆ, ಕರೀರಿ ಅಂತ ಕೇಳ್ದಂಗಾಗಲ್ವೇನೇ?"

"ಕೇಳು. ಏನಾಗತ್ತೆ?"

ಏನಾಗುತ್ತದೆ ಎಂದು ಅವಳಿಗೆ ಹೇಗೆ ಹೇಳುವುದು?

ಆ ವಾರ ಮ್ಯೂಸಿಯಮ್ಮಿಗೆ ಶಾಲಾ ಮಕ್ಕಳ ತಂಡ ಬಂದಿತ್ತು. ಮಕ್ಕಳನ್ನು ಆಟವಾಡಿಸಲು ಹಳೆಯ ನಮೂನೆಯ ಕಾರ್ಡುಗಳನ್ನು ಮುದ್ರಿಸಿದ್ದರು. ಕಪ್ಪಂಚಿನವು ಒಂದಷ್ಟು ಉಳಿದಿದ್ದವು. ಸಾವು ಹಳೆಯದಾದಷ್ಟೂ ಅಂಚು ಸಣ್ಣದಾಗಬೇಕು ಎಂಬುದು ಅವರ ನಿಯಮ. ವರ್ಷ ದಾಟಿದ್ದರಿಂದ ನಾನು ತೀರ ತೆಳು ಅಂಚಿನದೊಂದನ್ನು ಆರಿಸಿಕೊಂಡೆ. ಮೇಲೆ ಇಂಗ್ಲಿಷಿನಲ್ಲಿ ಕೃತಜ್ಞತೆಯ ಸಾಲು. ಕೆಳಗೆ ನನ್ನ ಫ್ಲ್ಯಾಟಿನ ನಂಬರ್ ಬರೆದೆ. ನಾನೇ ಬಂದು ಕೊಟ್ಟೆ ಎಂದು ತಿಳಿಯಲಿ ಎಂದು ಒಂದು ಮೂಲೆ ಮಡಿಸಿದೆ. ಮನೆಗೆ ಬಂದವಳು ನೇರವಾಗಿ ಒಂಬತ್ತನೇ ಮಹಡಿಗೆ ಹೋಗಿ, ಅವರ ಬಾಗಿಲ ಸಂದಿಯಲ್ಲಿ ತೂರಿಸಿ, ಬೆಲ್ ಒತ್ತದೆ ಮೆಟ್ಟಿಲಿಳಿದು ಬಂದೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ. ನಾನು ಬನ್ನಿ ಎಂದ ಹಾಗೂ ಆಯಿತು, ಬನ್ನಿ ಎನ್ನದ ಹಾಗೂ ಆಯಿತು.

ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದೆ. ಬಾಗಿಲನ್ನು ಯಾರೋ ಎರಡೂ ಕೈಯಲ್ಲಿ ಬಡಿಯತೊಡಗಿದರು.

ಗೆಳತಿ ನಿಂತಿದ್ದರು. ನೈಟಿಯ ಮೇಲೊಂದು ಟವೆಲ್, ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಅವರ ಗಂಡನದು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಯಾರ್ರೀ? ಯಾರ್ ಹೋದ್ರು? ಮಗಳು ಆರಾಮಿದಾಳೇನ್ರೀ?"

ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅಂಥ ಧ್ವನಿ ನಾನು ಕೇಳಿರಲಿಲ್ಲ. ಆಫೀಸಲ್ಲಿದ್ದಾಳೆ, ಆರಾಮಾಗಿದ್ದಾಳೆ ಎಂದೆ. ಅವರು ಗ್ರಿಲ್ ಹಿಡಿದುಕೊಂಡು ಅಲ್ಲೇ ಹೊಸ್ತಿಲಾಚೆ ಕುಕ್ಕರಿಸಿದರು. ಕೈಯಲ್ಲಿ ಕಾರ್ಡಿನ ಎರಡು ತುಂಡುಗಳಿದ್ದವು. ನಮ್ಮಲ್ಲಿ ಸಾವಿನ ಕಾಗದ ಬಂದರೆ ಓದಿ ಅಲ್ಲೇ ಹರಿಯಬೇಕು, ಮನೆಯೊಳಗೆ ತರಬಾರದು. ಅವರು ಕಪ್ಪು ಅಂಚನ್ನೂ ನನ್ನ ಮನೆಯ ನಂಬರನ್ನೂ ನೋಡಿದ್ದಾರೆ, ಹರಿದಿದ್ದಾರೆ, ಓಡಿ ಬಂದಿದ್ದಾರೆ. ಅದರ ಅಂಚು ತೆಳುವಾಗಿದೆ ಎಂದು ಯಾರು ನೋಡುತ್ತಾರೆ? ಆ ಇಂಗ್ಲಿಷ್ ಹೆಂಗಸರ ಕಾರ್ಡನ್ನು ನಾನು ಧಾರವಾಡದವರೊಬ್ಬರ ಬಾಗಿಲಿಗೆ ಹಾಕಿ ಬಂದಿದ್ದೆ.

ಏನೇನೋ ವಿವರಿಸಿದೆ. ಅಂಚು, ಮೂಲೆ, ಗೊಂಬೆ, ಕೃತಜ್ಞತೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಅಂದ್ರ ನೀವು ನನ್ನ ಬಾ ಅಂತ ಕರದ್ರೇನು?"

"ಹೂಂ."

"ಹಂಗಾರ ಬಾ ಅನ್ನಬೇಕ್ರೀ. ಎದಿ ಒಡದು ಸಾಯತಿದ್ನಲ್ಲ ನಾನು." ಅವರಿಗೆ ಅಳುವೂ ಬಂತು, ಸಿಟ್ಟೂ ಬಂತು. "ವರ್ಷಾತು, ನೀವ ಒಂದಿನಾ ಬರ್ರಿ ಅನ್ನಲಿಲ್ಲ. ನನ್ನ ಕೊಳ್ಳಾಗ ತಾಳಿ ನೋಡಿ ನಿಮಗ ಸಂಕಟ ಆಗ್ತದೋ ಏನೋ, ಬ್ಯಾಡ ಅಂತಾರೋ ಏನೋ, ನನಗರ ಹೆಂಗ ತಿಳೀಬೇಕು?"

ನಾನು ಅವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟೆ. ಟವೆಲಿನ ಮೇಲೆ ಚೆಲ್ಲಿಕೊಂಡೇ ಕುಡಿದರು. ಇಬ್ಬರೂ ಸ್ವಲ್ಪ ನಕ್ಕೆವು. ಆಮೇಲೆ ಅವರು ಲೋಟದೊಳಗೆ ನೋಡುತ್ತಾ, ಮತ್ತೆ ಬೆಂಗಳೂರು ಕನ್ನಡಕ್ಕೆ ಬಂದು, ಮೆತ್ತಗೆ ಹೇಳಿದರು.

"ಗುರುವಾರ ಬರ್ತೀರಾ? ಕಲಶಕ್ಕೆ ಸೀರೆ ಉಡಿಸೋಕೆ."

"ಶುಕ್ರವಾರ?" ಎಂದೆ.

ಅವರು, ಎಲ್ಲರೂ ಬರುತ್ತಾರೆ, ಯಾರಾದರೂ ಏನಾದರೂ ಅಂದರೆ ನಿಮಗೇ ನೋವು ಎಂದು ಏನೋ ಅರ್ಧ ಹೇಳಿ ನಿಲ್ಲಿಸಿದರು. ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು.

"ಗುರುವಾರ ಬರಲ್ಲ," ಎಂದೆ. "ಸೀರೆ ಉಡಿಸೋಕೆ ಕೈ ಬೇಕು, ಮಾರನೇ ದಿನ ಮುಖ ಬೇಡ ಅಂದ್ರೆ ನನ್ನಿಂದ ಆಗಲ್ಲ."

ಅವರು ಲೋಟ ಕೆಳಗಿಟ್ಟು ಎದ್ದರು. ಬರ್ತೀನಿ ಎನ್ನದೆ ಹೋದರು. ಸಾವಿನ ಮನೆ ಎಂದು ಹಾಗೆ ಹೋದರೋ, ನನ್ನ ಮಾತಿಗೆ ನೊಂದು ಹೋದರೋ, ಅದೂ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಮೊಬೈಲಿಗೆ ಹೂವಿನ ಚಿತ್ರ ಬರಲಿಲ್ಲ. ಅಷ್ಟು ದಿನ ಅದನ್ನು ನೋಡಿ ಮೂಗು ಮುರಿಯುತ್ತಿದ್ದವಳು ಆವತ್ತು ಮೊಬೈಲನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಬಾಯಿಗೆ ಬಂದದ್ದನ್ನು ಆಡಿ ಇದ್ದ ಒಬ್ಬರನ್ನೂ ಕಳೆದುಕೊಂಡೆ ಎಂದು ಅತ್ತೆ. ಹಾಗೆ ಹೇಳಿದ್ದೇ ಸರಿ ಎಂದೂ ಅನ್ನಿಸುತ್ತಿತ್ತು.

ಗುರುವಾರ ಹೋಯಿತು. ಶುಕ್ರವಾರ ಸಂಜೆ ಲಿಫ್ಟಿನಲ್ಲಿ ಬಳೆಗಳ ಸದ್ದು, ಮಲ್ಲಿಗೆಯ ವಾಸನೆ ಮೇಲಕ್ಕೆ ಹೋಗುವುದು ನನ್ನ ಬಾಗಿಲಿಗೇ ತಿಳಿಯುತ್ತಿತ್ತು. ಟಿವಿ ಜೋರು ಮಾಡಿ ಕೂತೆ. ಆಗ ಫೋನು ಬಂತು.

"ಎಲ್ಲಾರೂ ಬಂದಾರ," ಎಂದರು ಗೆಳತಿ. ಹಿಂದೆ ಹೆಂಗಸರ ಗಲಗಲ ಕೇಳುತ್ತಿತ್ತು. ಅಷ್ಟು ಜನರ ನಡುವೆ ನಿಂತು ಅವರು ಧಾರವಾಡದ ಮಾತಾಡುತ್ತಿದ್ದರು. "ನೀವೊಬ್ಬರ ಬಾಕಿ. ಬರ್ರಿ."

ರೇಷ್ಮೆ ಸೀರೆ ಉಟ್ಟೆ. ಬಿಂದಿ ಇಟ್ಟೆ, ತೆಗೆದೆ, ಇಟ್ಟೆ, ಕೊನೆಗೆ ತೆಗೆದೇ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿ ಮಾತು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಚಾಪೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಯಾರೋ ಜಾಗ ಮಾಡಿಕೊಟ್ಟರು. ನಾನು ಗೋಡೆಗೊರಗಿ, ಸೆರಗನ್ನು ಬಿಗಿಯಾಗಿ ಹಿಡಿದು ಕೂತೆ. ಇಲ್ಲಿಗೆ ಯಾಕಾದರೂ ಬಂದೆನೋ ಎನಿಸಿತು.

ಗೆಳತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಿನ ಆ ತುದಿಯಿಂದ ಬಂದರು. ಪಕ್ಕದವರಾಯಿತು. ನನ್ನ ಮುಂದೆ ಬಂದು ನಿಂತರು. ಈಗ ಮಾತು ಪೂರ್ತಿ ನಿಂತುಹೋಗಿತ್ತು. ಹಚ್ಚಲೋ ಬೇಡವೋ ಎಂದು ಅವರ ಕಣ್ಣು ನನ್ನನ್ನೇ ಕೇಳುತ್ತಿತ್ತು. ನನಗೆ ಗೊತ್ತಿದ್ದರೆ ತಾನೇ ಹೇಳುವುದಕ್ಕೆ?

ಅವರು ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು, ನನ್ನೆದುರು ಮಂಡಿಯೂರಿ ಕೂತು, ಹಣೆ ಮುಂದೆ ಮಾಡಿದರು.

"ಮೊದಲ ನೀವು ನನಗ ಹಚ್ಚರಿ."

"ಬೇಡ ಕಣ್ರೀ," ಎಂದೆ. "ನಿಮ್ಮ ಯಜಮಾನರು..."

"ಅವರು ಒಳಗ ಕೂತು ಕೋಸಂಬ್ರಿ ತಿನ್ನಲಿಕ್ಕತ್ಯಾರ. ಅವರಿಗೇನೂ ಆಗೂದಿಲ್ಲ. ಹಚ್ಚರಿ."

ಬೆರಳಿಗೆ ಕುಂಕುಮ ತೆಗೆದುಕೊಂಡೆ. ಹಚ್ಚುವಾಗ ಅರ್ಧ ಅವರ ಮೂಗಿನ ಮೇಲೆ ಉದುರಿತು. ಮೂಗಿನ ಮೇಲೆ ಬಿದ್ದರೆ ಗಂಡನಿಗೆ ಬಲು ಪ್ರೀತಿ ಎಂದು ಸಾಲಿನಲ್ಲಿ ಯಾರೋ ಅಂದರು. ಕೆಲವರು ನಕ್ಕರು. ಕೆಲವರು ನಗಲಿಲ್ಲ. ಗೆಳತಿ ನನ್ನ ಹಣೆಗೂ ಹಚ್ಚಿ, ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. ತಟ್ಟೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಉಳದವರಿಗೆ ನೀವ ಹಚ್ಚಿಬಿಡ್ರಿ. ನಾ ಚಾ ಮಾಡ್ತೀನಿ," ಎಂದು ಒಳಗೆ ಹೋದರು.

ನನ್ನ ಇನ್ನೊಂದು ಪಕ್ಕದಲ್ಲಿ ಕೂತಿದ್ದವರು ಚಿಕ್ಕ ವಯಸ್ಸಿನವರು, ಆ ವರ್ಷವೇ ಮದುವೆಯಾಗಿ ಬಂದವರು. ನಾನು ಅವರ ಕಡೆ ತಿರುಗಿದೆ. ಅವರು ತಲೆಯನ್ನು ಸ್ವಲ್ಪ ಅತ್ತ ಸರಿಸಿದರು. ಹಿಂಜರಿದು ಸರಿಸಿದರೋ, ಹಣೆಯ ಮೇಲಿನ ಕೂದಲು ಹಿಂದಕ್ಕೆ ತಳ್ಳಿಕೊಳ್ಳಲು ಸರಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬೆರಳಲ್ಲಿ ಕುಂಕುಮ ಹಿಡಿದು, ಅವರು ಇತ್ತ ತಿರುಗಲಿ ಎಂದು ಕಾದೆ.